ಮೊಳೆಗೆ ತೂಗಿದ ರಾಜಕಿರೀಟ

ಅಕ್ಕಯ್ಯಮ್ಮ ಬೀಗದ ಕೈಯನ್ನು ಕೈಗೆ ಕೊಡಲಿಲ್ಲ. ಅಂಗಡಿಯ ಹೊಸ್ತಿಲ ಮೇಲೆ ಎಸೆದಳು.

“ಎತ್ಕೋ,” ಅಂದಳು. “ಅರ್ಧ ಗಂಟೆ. ಪೊಲೀಸ್ನಾಗೆ ಇದ್ದೋಳು ಅನ್ನೋ ಮುಲಾಜಿಗೆ ಕೊಡ್ತಾ ಇವ್ನಿ. ಆಮ್ಯಾಕೆ ನಾನೇ ಬಂದು ಬೀಗ ಆಕ್ಕೊಂಡು ಓಯ್ತೀನಿ. ಆದ್ರೆ ಆ ಉಡುಗಿ ಒಳೀಕೆ ಬರ್ಕೂಡ್ದು.”

“ಅವಳು ಬರದೆ ಇದ್ರೆ ಒಳಗೆ ಯಾವ್ದು ಎಲ್ಲಿರ್ಬೇಕು ಅಂತ ನಂಗೆ ಹೆಂಗೆ ಗೊತ್ತಾಗುತ್ತೆ ಅಕ್ಕಯ್ಯಮ್ಮ?”

“ನನ್ ತಮ್ಮನ್ನ ಕೊಂದೋನ ಮಗಳು ಕಣೇ ಅದು. ಇಂಗೆ ನಡುಬೀದೀಲಿ ಕೈ ಇಡ್ಕೊಂಡು ಕರ್ಕೊಂಡು ಬಂದಿದ್ದೀಯಲ್ಲ, ನಿಂಗೆ ನಾಚ್ಕೆ ಆಗಲ್ವಾ?”

ಗಂಗರತ್ನಮ್ಮ ಬಗ್ಗಿ ಕೀಲಿ ಎತ್ತಿಕೊಂಡಳು. ಮಂಡಿ ಲಟಕ್ಕೆಂದಿತು. ಮೂವತ್ತೊಂದು ವರ್ಷ ಖಾಕಿ ಉಟ್ಟು, ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತಳಾದ ಹೆಂಗಸಿಗೆ ಬೈಗುಳ ಹೊಸದಲ್ಲ. ಆದರೆ ಆಗೆಲ್ಲ ಬೈಯುತ್ತಿದ್ದವರು ಕಳ್ಳರು, ಕುಡುಕರು. ಈಗ ಬೈಯುತ್ತಿರುವುದು ತನ್ನದೇ ಮತ್ತಿಕೆರೆ. ಹೂವಿನ ಅಂಗಡಿಯವಳು ಮುಖ ತಿರುಗಿಸಿದ್ದಳು. ಎದುರಿನ ಪಿ.ಜಿ. ಮಹಡಿಯಿಂದ ಮೂರು ಕಾಲೇಜು ಹುಡುಗರು ಮೊಬೈಲು ಹಿಡಿದು ನೋಡುತ್ತಿದ್ದರು. ಬೆಳಿಗ್ಗೆ ಸ್ಕೂಟರಿನಲ್ಲಿ ಬೀದಿಯ ತುದಿಗೆ ತಂದು ಇಳಿಸಿದ ಗಂಡ ಸುಬ್ರಮಣಿ ಕೂಡ ಹೆಲ್ಮೆಟ್ ತೆಗೆಯದೆಯೇ ಗದರಿದ್ದ: “ಸುಮ್ನೆ ಮನೇಲಿ ಇರಕ್ಕಾಗಲ್ವಾ ನಿಂಗೆ? ಈ ಕೇಸ್ ಬಿಟ್ಬಿಡು ಅಂತ ಎಷ್ಟ್ ಸಲ ಹೇಳ್ಬೇಕು?”

ಬಿಡುವುದಕ್ಕೆ ಆಗುತ್ತಿರಲಿಲ್ಲ. ಭಾನುವಾರ ಸಂಜೆ ಇದೇ ಅಂಗಡಿಯೊಳಗೆ ಅದರ ಯಜಮಾನ, ಅಕ್ಕಯ್ಯಮ್ಮನ ತಮ್ಮ ಬೈರಣ್ಣನ ತಲೆಯ ಹಿಂಭಾಗಕ್ಕೆ ಮರದ ಗದೆಯ ಏಟು ಬಿದ್ದು ಪ್ರಾಣ ಹೋಗಿತ್ತು. ಸೋಮವಾರವೇ ಪೊಲೀಸರು ನಲವತ್ತು ವರ್ಷದಿಂದ ಅಲ್ಲಿ ಕಿರೀಟ ಕಟ್ಟುತ್ತಿದ್ದ ಅತಾವುಲ್ಲಾನನ್ನು ಎತ್ತಿಕೊಂಡು ಹೋಗಿದ್ದರು. ನಾಳೆ ಬೆಳಿಗ್ಗೆ ಅವನನ್ನು ಜೈಲಿಗೆ ಸಾಗಿಸುತ್ತಾರೆ. ಸಕ್ಕರೆ ಕಾಯಿಲೆ, ಒಮ್ಮೆ ಆಪರೇಷನ್ ಆದ ಹೃದಯ. ಅಲ್ಲಿ ಒಂದು ತಿಂಗಳು ತಡೆಯುವ ಮೈ ಅಲ್ಲ ಅದು.

“ನಡಿಯಮ್ಮ,” ಅಂದಳು ಅತಾವುಲ್ಲಾನ ಮಗಳು ಆಯೇಷಾಗೆ. ಅಕ್ಕಯ್ಯಮ್ಮ ಅಡ್ಡ ಬರಲಿಲ್ಲ. ಕ್ಯಾಕರಿಸಿ ಮೋರಿಗೆ ಉಗಿದು, ಕಟ್ಟೆಯ ಮೇಲೆ ಕೂತಳು.

*

ಹೊರಗಿನ ಬೋರ್ಡಿನ ಮೇಲೆ ‘ಶ್ರೀ ಬೈರವೇಶ್ವರ ಡ್ರಾಮಾ ಡ್ರೆಸ್ ಮತ್ತು ಸೀನರಿ’ ಎಂದು ಕೆಂಪು ಅಕ್ಷರ. ಒಳಗೆ ಅರಮನೆಯೊಂದನ್ನು ಮಡಚಿ ತುಂಬಿಟ್ಟ ಹಾಗಿತ್ತು. ಮಖಮಲ್ ಅಂಗಿಗಳು, ಕನ್ನಡಿ ಚೂರು ಅಂಟಿಸಿದ ಭುಜಕೀರ್ತಿಗಳು, ಸುತ್ತಿಟ್ಟ ಕಾಡಿನ ಪರದೆ, ದರ್ಬಾರಿನ ಪರದೆ. ನಾಗಸಂದ್ರದಿಂದ ಯಲಹಂಕದವರೆಗೆ ಯಾವ ಹಳ್ಳಿಯವರು ಪೌರಾಣಿಕ ನಾಟಕ ಕಲಿತರೂ ಇಲ್ಲಿಂದಲೇ ವೇಷ ಹೋಗಬೇಕಿತ್ತು. ಆ ಹಳ್ಳಿಗಳೆಲ್ಲ ಈಗ ಲೇಔಟು. ಆದರೂ ಗೇಟಿನ ಒಳಗಿರುವ ಗೌಡರಿಗೆ ವರ್ಷಕ್ಕೊಂದು ಸಲ ಮೀಸೆ ಅಂಟಿಸಿಕೊಂಡು ಅಬ್ಬರಿಸದಿದ್ದರೆ ಊಟ ಸೇರುವುದಿಲ್ಲ.

ನೆಲದ ಮೇಲೆ ಸೀಮೆಸುಣ್ಣದ ಗೆರೆ ಇನ್ನೂ ಇತ್ತು. ಬೈರಣ್ಣ ಬಿದ್ದಿದ್ದ ಜಾಗ.

ಆಯೇಷಾ ಅದನ್ನು ದಾಟದೆ ಗೋಡೆ ಸವರಿಕೊಂಡು ಬಂದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ನಾಲ್ಕು ದಿನದಿಂದ ರಜೆ ಹಾಕಿ, ನಿದ್ದೆಗೆಟ್ಟು ಕಣ್ಣು ಊದಿತ್ತು. ಬೈರಣ್ಣನ ತೊಡೆಯ ಮೇಲೆ ಕೂತು ಅಕ್ಷರ ತಿದ್ದಿದವಳು ಅವಳು. ಈಗ ಅಳುವ ಹಕ್ಕನ್ನೂ ಬೀದಿ ಅವಳಿಂದ ಕಿತ್ತುಕೊಂಡಿತ್ತು.

“ಏನೂ ಮುಟ್ಬೇಡ,” ಅಂದಳು ಗಂಗರತ್ನಮ್ಮ. “ಸುಮ್ನೆ ನೋಡು. ನಿಮ್ಮಪ್ಪ ಬಿಟ್ಟು ಹೋಗೋ ರೀತೀಲಿ ಇಲ್ಲದೇ ಇರೋದು ಯಾವ್ದು ಅಂತ ಹೇಳು.”

“ಜಗಳ ಆಡಿದ್ದು ನಿಜ ಆಂಟಿ. ಬೀದಿಗೆಲ್ಲ ಕೇಳ್ಸಿದೆ. ಅಂಗಡಿ ಒಡೆಸಿ ಬಿಲ್ಡಿಂಗ್ ಕಟ್ಟಕ್ಕೆ ಜಾಗ ಚನ್ನಕೇಶವ ಅವ್ರಿಗೆ ಕೊಡ್ತೀನಿ ಅಂತ ಬೈರಣ್ಣ ಅಂಕಲ್ ಹೇಳಿದ್ರು. ನಿನ್ನ ಕೊಂದಾದ್ರೂ ಅಂಗಡಿ ಉಳಿಸ್ತೀನಿ ಅಂತ ಅಬ್ಬಾ ಕೂಗಾಡಿದ್ರು. ಆದ್ರೆ ಸಂಜೆ ಆರಕ್ಕೆ ಅಂಕಲ್ಲೇ ಟೀ ತರ್ಸಿ, ಕೊಡಲ್ಲ ಹೋಗಯ್ಯಾ ಸಾಬಿ, ನೀನು ಇರೋವರ್ಗೂ ಅಂಗಡಿ ಇರುತ್ತೆ ಅಂದ್ರಂತೆ. ಅಬ್ಬಾ ಅಳ್ತಾ ಮನೆಗ್ ಬಂದ್ರು. ಇದನ್ನ ಯಾರೂ ನಂಬಲ್ಲ.”

“ನಾನು ನಂಬ್ತೀನಿ. ಮುಂದೆ ನೋಡು.”

ಹೆಣ ಸಿಕ್ಕಾಗ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು, ಇನ್ನೊಂದು ಕೀಲಿ ಅತಾವುಲ್ಲಾನ ಬಳಿ ಇತ್ತು ಎನ್ನುವುದು ಪೊಲೀಸರ ದೊಡ್ಡ ಸಾಕ್ಷಿ. ಬಾಗಿಲಿನಿಂದ ತೆಗೆದು ಅಂಗೈಯಲ್ಲಿ ಹಿಡಿದಿದ್ದ ಬೀಗವನ್ನು ಗಂಗರತ್ನಮ್ಮ ಒತ್ತಿ ನೋಡಿದಳು. ಟಕ್ಕೆಂದು ಬಿತ್ತು. ಒತ್ತಿದರೆ ಬೀಳುವ ಬೀಗಕ್ಕೆ ಕೀಲಿ ಯಾಕೆ ಬೇಕು? ಹೊರಗೆ ಹೋಗುವ ಯಾರು ಬೇಕಾದರೂ ಒತ್ತಿ ಹೋಗಬಹುದು. ಇಷ್ಟನ್ನು ಯೋಚಿಸುವ ತಾಳ್ಮೆ ಯಾರಿಗೂ ಇರಲಿಲ್ಲ, ಏಕೆಂದರೆ ಹಿಡಿಯಲು ಒಬ್ಬ ಸಾಬಿ ಸುಲಭವಾಗಿ ಸಿಕ್ಕಿದ್ದ. ಅವಳಿಗೆ ತನ್ನ ಇಲಾಖೆಯ ಮೇಲೇ ಸಿಟ್ಟು ಬಂತು.

“ಆಂಟಿ,” ಆಯೇಷಾಳ ದನಿ ಬದಲಾಗಿತ್ತು. “ಅದು ಅಲ್ಲಿರಲ್ಲ.”

ಪರದೆಗಳ ಪಕ್ಕದ ಗೋಡೆಯಲ್ಲಿ ಒಂದು ಮೊಳೆ. ಮೊಳೆಗೆ ರಾಜಪಾರ್ಟಿನ ದೊಡ್ಡ ಕಿರೀಟ ನೇತಾಡುತ್ತಿತ್ತು, ಗಲ್ಲಕ್ಕೆ ಕಟ್ಟುವ ಲಾಡಿಯಿಂದ.

“ಎಲ್ಲಿರುತ್ತೆ ಮತ್ತೆ?”

ಹುಡುಗಿ ಮೇಲಿನ ಹಲಗೆ ತೋರಿಸಿದಳು. ಅಲ್ಲಿ ಸಾಲಾಗಿ ಮಣ್ಣಿನ ಮಡಕೆಗಳನ್ನು ಬೋರಲು ಹಾಕಿತ್ತು. ಒಂದೊಂದು ಮಡಕೆಯ ಮೇಲೆ ಒಂದೊಂದು ಕಿರೀಟ. ನಡುವಿನ ಮಡಕೆ ಬರಿದಾಗಿತ್ತು.

“ಅಬ್ಬಾ ಆಗ್ಲಿ ಅಂಕಲ್ ಆಗ್ಲಿ ಕಿರೀಟಾನ ಯಾವತ್ತೂ ನೇತು ಹಾಕಲ್ಲ. ರಟ್ಟು ಅಂಟಿಸಿ ಮಾಡಿರೋದಲ್ವಾ, ಲಾಡಿ ಮೇಲೆ ಭಾರ ಬಿದ್ರೆ ಅಂಟು ಬಿಡುತ್ತೆ, ಆಕಾರ ಕೆಡುತ್ತೆ. ಚಿಕ್ಕವಳಿದ್ದಾಗ ನಾನೊಂದ್ಸಲ ಮೊಳೆಗೆ ಹಾಕಿ ಏಟು ತಿಂದಿದ್ದೀನಿ. ಪಾರ್ಟು ಮಾಡೋರು ಹಾಕ್ತಾರೆ. ಬಣ್ಣದ ಮನೇಲಿ ಮಡಕೆ ಎಲ್ಲಿರುತ್ತೆ? ಗೂಟ ಕಂಡಲ್ಲಿ ತಗುಲ್ಹಾಕ್ತಾರೆ.”

ಗಂಗರತ್ನಮ್ಮ ಹತ್ತಿರ ಹೋದಳು. ಕಿರೀಟದ ಎಡಗಡೆ ಮೂರು ಕನ್ನಡಿ ಚೂರು ಉದುರಿದ್ದವು. ತಿರುಗಿ ಸೀಮೆಸುಣ್ಣದ ಗೆರೆಯ ಬಳಿ ಕುಕ್ಕರಗಾಲಲ್ಲಿ ಕೂತಳು. ಗೆರೆಯ ಒಳಗೆ, ಭುಜ ಇದ್ದ ಕಡೆ, ಸಾಸಿವೆಯಷ್ಟು ಚೂರುಗಳು ಮಿನುಗುತ್ತಿದ್ದವು.

ಅವಳಿಗೆ ಎಲ್ಲವೂ ಒಂದೇ ಸಲ ಅರ್ಥವಾಯಿತು. ಬೈರಣ್ಣ ಬೀಳುವಾಗ ಕಿರೀಟವೂ ಬಿದ್ದಿದೆ. ಅದರ ಚೂರಿನ ಮೇಲೆ ಅವನ ಮೈ ಬಿದ್ದಿದೆ. ಆಮೇಲೆ ಯಾರೋ ಕಿರೀಟವನ್ನು ಎತ್ತಿ ಮೊಳೆಗೆ ಹಾಕಿದ್ದಾರೆ. ಪಾರ್ಟು ಮಾಡುವವರಿಗೆ ಕಿರೀಟ ದೇವರ ಸಮಾನ. ನೆಲದ ಮೇಲೆ ಕಂಡರೆ ಜೀವ ತಡೆಯದು. ಮುದುಕನನ್ನು ನೆಲದ ಮೇಲೆ ಸಾಯಲು ಬಿಟ್ಟು ಹೋದವನಿಗೆ ಕಿರೀಟವನ್ನು ಬಿಟ್ಟು ಹೋಗಲು ಮನಸ್ಸು ಬಂದಿಲ್ಲ.

ಮೈ ಉರಿದುಹೋಯಿತು ಅವಳಿಗೆ.

ಫೋಟೋ ತೆಗೆಯುವಾಗ ಇನ್ನೊಂದು ಕಂಡಿತು. ಲಾಡಿಯನ್ನು ಮೊಳೆಗೆ ಸುಮ್ಮನೆ ಸಿಕ್ಕಿಸಿರಲಿಲ್ಲ. ಮೊಳೆಯ ಸುತ್ತ ಎರಡು ಸುತ್ತು ಸುತ್ತಿ, ಬಿಗಿ ಮಾಡಿತ್ತು.

“ಈ ಬೀದೀಲಿ ರಾಜಪಾರ್ಟು ಮಾಡೋದು ಯಾರು?”

“ಚನ್ನಕೇಶವ ಅವ್ರು,” ಅಂದಳು ಆಯೇಷಾ. “ಆಂಟಿ, ಅವ್ರು ದೊಡ್ಡೋರು. ನೀವು ಅವ್ರ ಹೆಸರು ಹೇಳ್ತೀರಾ?”

“ಯಾರೇ ಆಗಿರ್ಲಿ. ಹೆಸರು ಗೊತ್ತಾದ ಗಳಿಗೇಲಿ ಮೊದ್ಲು ನಿಂಗೆ ಹೇಳ್ತೀನಿ, ಆಮೇಲೆ ಸ್ಟೇಷನ್ನಿಗೆ. ಮಾತು ಕೊಟ್ಟಿದ್ದೀನಿ.”

ಹೊರಗೆ ಬರುವಾಗ ಮೂಲೆಯ ರದ್ದಿ ಬುಟ್ಟಿಯಿಂದ ಬಣ್ಣಗೆಟ್ಟ ಒಂದು ಹಳೆಯ ಕಿರೀಟವನ್ನು ಅಕ್ಕಯ್ಯಮ್ಮನಿಗೆ ತೋರಿಸಿಯೇ ಎತ್ತಿಕೊಂಡಳು. “ಒಯ್ಯಿ, ಒಯ್ಯಿ,” ಅಂದಳು ಅಕ್ಕಯ್ಯಮ್ಮ. “ಅವ್ನೇ ಓದ, ಇನ್ನ ಇದ್ಯಾಕೆ.” ಬೈಯುವಾಗ ಗಟ್ಟಿಯಾಗಿದ್ದ ಮುದುಕಿಯ ದನಿ ಅಷ್ಟಕ್ಕೇ ಒಡೆದುಹೋಯಿತು.

*

ಅಂಗಡಿಗೆ ಅಂಟಿಕೊಂಡೇ ಇದ್ದ ಹಳೆಯ ಹಿಟ್ಟಿನ ಗಿರಣಿ ಈಗ ಕಾಫಿ ಅಂಗಡಿ. ಕಾಫಿ ಅಂಗಡಿ ಅಂದರೆ ಅಲ್ಲಿಯವರಿಗೆ ಬೇಜಾರು, ಕೆಫೆ ಅನ್ನಬೇಕು. ಗಿರಣಿಯ ಕಲ್ಲಿಗೆ ಗಾಜು ಹೊದಿಸಿ ಮೇಜು ಮಾಡಿದ್ದರು. ಗೋಡೆಯ ತುಂಬ ಹಿತ್ತಾಳೆ ಕೊಕ್ಕೆಗಳು. ಅವುಗಳಿಗೆ ಎಲ್ಲೆಲ್ಲಿಂದಲೋ ತಂದ ಬಣ್ಣದ ಕತ್ತಿ, ಗುರಾಣಿ, ಮುಖವಾಡ. ಪಕ್ಕದಲ್ಲೇ ಜೀವಂತ ಇದ್ದ ಅಂಗಡಿಯನ್ನು ನುಂಗಲು ಹೊರಟವರು ಅದರ ಸತ್ತ ನೆಂಟರನ್ನು ಗೋಡೆಗೆ ತೂಗಿಸಿದ್ದರು.

ಕಟ್ಟಡದ ಯಜಮಾನ ಚನ್ನಕೇಶವ ಮೂಲೆಯ ಮೇಜಿನಲ್ಲಿ ನಕ್ಷೆ ಹರಡಿಕೊಂಡು ಕೂತಿದ್ದ. ಅಪ್ಪನ ರಾಗಿ ಹೊಲದ ಮೇಲೆ ನಾಲ್ಕು ಅಪಾರ್ಟ್‌ಮೆಂಟ್ ಎಬ್ಬಿಸಿದ ಆಸಾಮಿ. ಐವತ್ತು ದಾಟಿದ ಗಟ್ಟಿ ಆಳು, ರಾಜಪಾರ್ಟಿಗೆಂದೇ ಬಿಟ್ಟ ಮೀಸೆ.

“ಬನ್ನಿ ಗಂಗಕ್ಕಾ,” ಅಂದ. ಕೂರಲು ಹೇಳಲಿಲ್ಲ. “ರಿಟೈರ್ ಆದ್ಮೇಲೂ ಡ್ಯೂಟಿ ಬಿಟ್ಟಿಲ್ಲ ಅಂತ ಕೇಳ್ದೆ.”

ಗಂಗರತ್ನಮ್ಮ ಕುರ್ಚಿ ಎಳೆದುಕೊಂಡು ಕೂತಳು. ಕಿರೀಟವಿದ್ದ ಚೀಲವನ್ನು ಮೇಜಿನ ಅಂಚಿಗೆ ಇಟ್ಟಳು.

“ಭಾನುವಾರ ಸಂಜೆ ಬೈರಣ್ಣನ ಅಂಗಡಿಗೆ ಹೋಗಿದ್ಯಾ ಚನ್ನಕೇಶವ?”

“ಇಲ್ಲ. ಇಲ್ಲಿ ಓಪನಿಂಗ್ ಫಂಕ್ಷನ್ ಇತ್ತು. ನೂರು ಜನ ನೋಡಿದ್ದಾರೆ.”

“ನೂರು ಜನ ನೋಡ್ತಾ ಇರುವಾಗ್ಲೇ ಹತ್ತು ನಿಮಿಷ ಕಾಣೆಯಾಗೋದು ಸುಲಭ. ಯಾರೂ ಹುಡುಕಲ್ಲ.”

“ನೋಡಿ ಅಕ್ಕಾ, ಮರ್ಯಾದೆ ಕೊಡ್ತಾ ಇದ್ದೀನಿ, ಉಳಿಸ್ಕೊಳ್ಳಿ. ಆ ಸಾಬಿ ಕೊಲ್ತೀನಿ ಅಂತ ಬೀದಿಗೆ ಕೇಳೋ ಹಂಗೆ ಕೂಗಿದ್ದಾನೆ. ಪೊಲೀಸ್ನೋರು ಒಳಗೆ ಹಾಕಿದ್ದಾರೆ. ಕೇಸ್ ಮುಗೀತು. ಈಗ ನೀವು ಬಂದು ನಮ್ಮೋರ ಮೇಲೇ ಬೊಟ್ಟು ಮಾಡಿದ್ರೆ ಈ ಬೀದೀಲಿ ನೀವು ತರಕಾರಿ ತಗೊಳ್ಳಕ್ಕೂ ಆಗಲ್ಲ.”

“ಬೈರಣ್ಣ ಜಾಗ ಕೊಡಲ್ಲ ಅಂದ್ನಲ್ಲ, ಅದು ನಿಂಗೆ ಯಾವಾಗ ಗೊತ್ತಾಯ್ತು?”

ಚನ್ನಕೇಶವನ ಕೈ ನಕ್ಷೆಯ ಮೇಲೆ ನಿಂತಿತು. “ಯಾರು ಹೇಳಿದ್ರು ಕೊಡಲ್ಲ ಅಂದ ಅಂತ?”

ಮಾತಾಡುತ್ತಲೇ ಅವಳು ಮೊಣಕೈಯಿಂದ ಚೀಲವನ್ನು ತಳ್ಳಿದಳು. ಹಳೆಯ ಕಿರೀಟ ಉರುಳಿ ನೆಲದ ಮೇಲೆ ಬಿದ್ದು ಅವನ ಕಾಲಿನ ಬಳಿ ನಿಂತಿತು.

ಅವನು ಯೋಚನೆ ಮಾಡಲಿಲ್ಲ. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದ. ಎರಡೂ ಕೈಯಿಂದ ಕಿರೀಟ ಎತ್ತಿ, ಕಣ್ಣಿಗೆ ಒತ್ತಿಕೊಂಡು, ಗೋಡೆಯ ಖಾಲಿ ಕೊಕ್ಕೆಗೆ ಲಾಡಿ ಸಿಕ್ಕಿಸಿ ತೂಗಿ ಬಿಟ್ಟ. “ಕಣ್ಣು ಕಾಣ್ಸಲ್ವಾ ನಿಮಗೆ?” ಅಂತ ಗುಡುಗಿದ. ಕಾಫಿ ಕುಡಿಯುತ್ತಿದ್ದವರು ತಿರುಗಿ ನೋಡಿದರು.

ಗಂಗರತ್ನಮ್ಮ ಅವನ ಮುಖ ನೋಡಲಿಲ್ಲ. ಕೊಕ್ಕೆ ನೋಡುತ್ತಿದ್ದಳು.

ಲಾಡಿ ಒಂದೇ ಎಳೆಯಲ್ಲಿ ಸಿಕ್ಕಿಕೊಂಡಿತ್ತು. ಸುತ್ತು ಇರಲಿಲ್ಲ.

ಅವಳ ಲೆಕ್ಕ ಅಲ್ಲಿಗೆ ತಲೆಕೆಳಗಾಯಿತು. ಬಲೆ ಸರಿಯಾಗಿಯೇ ಬಿದ್ದಿತ್ತು, ಮೀನು ಮಾತ್ರ ಬೇರೆ.

“ನೀವು ಯಾವಾಗ್ಲೂ ಹಿಂಗೇ ಹಾಕೋದಾ?” ಅಂದಳು. ಗೊತ್ತಿಲ್ಲದೆಯೇ ಬಹುವಚನ ಬಂದಿತ್ತು.

“ಇನ್ನೆಂಗೆ ಹಾಕ್ತಾರೆ?”

ಮೊಬೈಲು ತೆಗೆದು ಫೋಟೋ ತೋರಿಸಿದಳು. ಚನ್ನಕೇಶವ ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡಿ ನೋಡಿದ. ನೋಡುತ್ತಾ ನೋಡುತ್ತಾ ಅವನ ಸಿಟ್ಟು ಇಳಿಯಿತು. ಅದರ ಜಾಗಕ್ಕೆ ಬಂದದ್ದು ಸಿಟ್ಟಿಗಿಂತ ಕೆಟ್ಟದ್ದು, ಒಂದು ಥರದ ಸಮಾಧಾನ.

“ಇದು ರಾಜಪಾರ್ಟಿನೋನ ಕೈ ಅಲ್ಲ,” ಅಂದ. “ಎರಡು ಸುತ್ತು ಸುತ್ತೋದು ಕೃಷ್ಣನ ಪಾರ್ಟು ಮಾಡೋರು. ಆ ಕಿರೀಟಕ್ಕೆ ಮುಂದ್ಗಡೆ ತಗಡಿನ ನವಿಲುಗರಿ ಇರುತ್ತೆ. ಭಾರಕ್ಕೆ ವಾಲಿ ಬಿದ್ದೋಗುತ್ತೆ ಅಂತ ಸುತ್ತಿ ಬಿಗಿ ಮಾಡ್ತಾರೆ. ರಾಜನ ಕಿರೀಟಕ್ಕೆ ಅದು ಬೇಕಾಗಿಲ್ಲ. ಸುತ್ತಿದೋನಿಗೆ ಅಭ್ಯಾಸಬಲ.”

“ಈ ಊರಲ್ಲಿ ಕೃಷ್ಣನ ಪಾರ್ಟು ಮಾಡ್ದೋರು ಯಾರ್ಯಾರು?”

“ಇಬ್ರೇ. ಒಬ್ಬ ಬೈರಣ್ಣ ಮಾವ, ವಯಸ್ಸಿದ್ದಾಗ. ಅವ್ರು ಆಮೇಲೆ ಅಂಗಡಿಯೋರಾಗಿ ಮಡಕೆ ಅಭ್ಯಾಸಕ್ಕೆ ಬಂದ್ರು. ಸತ್ತೂ ಹೋದ್ರು.”

“ಇನ್ನೊಬ್ರು?”

ಚನ್ನಕೇಶವ ನಕ್ಕ. ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಮೊದಲ ಸಲ ಅವಳ ಎದುರು ಸರಿಯಾಗಿ ಕೂತ.

“ನಿಜ ಹೇಳ್ಬಿಡ್ತೀನಿ ಕೇಳಿ. ಭಾನುವಾರ ಮಾವ ಫೋನ್ ಮಾಡಿ ಜಾಗ ಕೊಡಲ್ಲ ಅಂದ್ರು. ಏಳು ಗಂಟೆಗೆ ಮಾತಾಡಣ ಅಂತ ಹೋದೆ. ಒಳಗಿಂದ ಚಿಲಕ ಹಾಕಿತ್ತು. ಒಳಗೆ ಜಗಳ. ನಾನು ವಾಪಸ್ ಬಂದ್ಬಿಟ್ಟೆ. ಪೊಲೀಸ್ನೋರಿಗೆ ಹೇಳ್ಲಿಲ್ಲ, ಹೇಳಿದ್ರೆ ನಾನೂ ಅಲ್ಲಿಗೆ ಹೋಗಿದ್ದು ಆಗುತ್ತಲ್ಲ. ಸಾಬಿ ದನಿ ಅಲ್ಲ ಅದು. ಹನ್ನೆರಡು ವರ್ಷ ನನ್ನೆದುರಿಗೆ ಸ್ಟೇಜ್ ಮೇಲೆ ನಿಂತು ಕಂದಪದ್ಯ ಹೇಳಿದ ದನಿ.”

“ಏನ್ ಹೇಳ್ತಿತ್ತು ಆ ದನಿ?”

“ಒಂದೇ ಮಾತು ಕೇಳ್ಸಿದ್ದು. ‘ಆ ವಿಷಯ ಅವಳ ಕಿವಿಗೆ ಬೀಳ್ಬಾರ್ದು ಬೈರಣ್ಣ, ಬಿದ್ರೆ ನನ್ನ ಸಂಸಾರ ಮುಗೀತು.’” ಅವನು ನಕ್ಷೆಯನ್ನು ಮತ್ತೆ ಹರಡಿಕೊಂಡ. “ಹೆಸರನ್ನ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರ ಗಂಗಕ್ಕಾ. ಹತ್ತು ವರ್ಷದ ಹಿಂದಿನ ನಾಟಕಕ್ಕೆ ನೀವೇ ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ಹೊಡೆದಿದ್ರಿ.”

*

ಮನೆ ಮುಟ್ಟುವವರೆಗೆ ಯಾವ ರಸ್ತೆಯಲ್ಲಿ ನಡೆದಳೋ ಅವಳಿಗೆ ಗೊತ್ತಿಲ್ಲ. ಮಧ್ಯಾಹ್ನ ಎರಡರ ಬಿಸಿಲು. ಸುಳ್ಳು ಹೇಳಿದ್ದಾನೆ, ಕೇಸು ತನ್ನ ಮೇಲೆ ಬರದಿರಲಿ ಎಂದು ತಿರುಗಿಸಿದ್ದಾನೆ ಅಂದುಕೊಂಡಳು. ಇಪ್ಪತ್ತು ಹೆಜ್ಜೆ ನಂಬಿದಳು. ಇಪ್ಪತ್ತೊಂದನೆಯದಕ್ಕೆ ನಂಬಿಕೆ ಕೈಕೊಟ್ಟಿತು.

ಹತ್ತು ವರ್ಷದ ಹಿಂದೆ ಕೃಷ್ಣನ ಪಾರ್ಟು ಬಿಟ್ಟಿದ್ದ ಸುಬ್ರಮಣಿ ಭಾನುವಾರ ಸಂಜೆ ಜಾಲಹಳ್ಳಿಗೆ ಹೋಗಿದ್ದ. ಫ್ಯಾಕ್ಟರಿಯ ಹಳೆಯ ಸ್ನೇಹಿತನ ಕ್ವಾರ್ಟರ್ಸಿಗೆ ಅಂದಿದ್ದ. ಬಂದವನು ಊಟ ಬೇಡ ಅಂದು ಸ್ನಾನಕ್ಕೆ ಹೋಗಿದ್ದ. ಇವಳು ಬೆನ್ನು ಉಜ್ಜಲೇ ಎಂದು ಕೂಗಿ ಕೇಳಿದ್ದಳು. ಕಿವಿಗೆ ಬೀಳಬಾರದೆಂದ ಆ ‘ಅವಳು’ ತಾನೇ; ವಿಷಯ ಏನೆಂಬುದು ಮಾತ್ರ ಇನ್ನೂ ಗೊತ್ತಿರಲಿಲ್ಲ.

ಹಾಲಿನಲ್ಲಿ ಕೂತು ನೀರು ಕುಡಿಯುತ್ತಿದ್ದಾಗ ಸ್ಕೂಟರಿನ ಸದ್ದು. ಸುಬ್ರಮಣಿ ಬಂದ. ಚಪ್ಪಲಿ ಬಿಟ್ಟ. ಹೆಲ್ಮೆಟ್ ತೆಗೆದು, ಅವಳ ಕಡೆ ನೋಡದೆಯೇ, ಬಾಗಿಲ ಹಿಂದಿನ ಮೊಳೆಯ ಹತ್ತಿರ ಕೈ ಒಯ್ದ.

ಹೆಲ್ಮೆಟ್ಟಿನ ಪಟ್ಟಿ ಮೊಳೆಯ ಸುತ್ತ ಒಂದು ಸುತ್ತು ಹೋಯಿತು. ಇನ್ನೊಂದು ಸುತ್ತು ಹೋಯಿತು. ಎಳೆದು ಬಿಗಿ ಮಾಡಿದ.

ಮೂವತ್ತೆರಡು ವರ್ಷದಿಂದ ಪ್ರತಿದಿನ ನೋಡಿದ ಕೈ. ಅಷ್ಟು ನೋಡಿಯೂ ನೋಡಿರಲಿಲ್ಲ. ಊರಿನವರ ಮನೆಯ ಕಳ್ಳರನ್ನೆಲ್ಲ ಹಿಡಿದ ಹೆಡ್ ಕಾನ್‌ಸ್ಟೆಬಲ್ ತನ್ನ ಬಾಗಿಲ ಹಿಂದೆ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ. ದುಃಖಕ್ಕಿಂತ ಮೊದಲು ಅವಮಾನವಾಯಿತು ಅವಳಿಗೆ.

“ಏನ್ ಹಂಗ್ ನೋಡ್ತಿದ್ದೀಯ?” ಅಂದ ಸುಬ್ರಮಣಿ.

“ರೀ, ಭಾನುವಾರ ಸಂಜೆ ಎಲ್ಲಿದ್ರಿ?”

“ಹೇಳಿದ್ನಲ್ಲ. ಜಾಲಹಳ್ಳಿ.”

“ಫೋನ್ ಮಾಡಿ ಕೇಳ್ಲಾ ಅವ್ರನ್ನ?”

ಅವನು ಅವಳ ಎದುರಿನ ಕುರ್ಚಿಯಲ್ಲಿ ಕೂತ. ಮೊಳೆಯ ಕಡೆ ನೋಡಿದ, ಅವಳನ್ನು ನೋಡಿದ. ಎರಡರ ನಡುವಿನ ದಾರಿ ಅವನಿಗೂ ಸಿಕ್ಕಿತು.

“ಬಿಟ್ಬಿಡು ಅಂದಿದ್ದೆ ರತ್ನ,” ಅಂದ ಮೆಲ್ಲಗೆ. “ಎಷ್ಟು ಸಲ ಅಂದೆ.”

ಮೇಜಿನ ಮೇಲಿದ್ದ ಮೊಬೈಲು ಹೊಡೆದುಕೊಳ್ಳತೊಡಗಿತು. ಆಯೇಷಾಳ ಹೆಸರು. ಹುಡುಗಿ ಸ್ಟೇಷನ್ ಬಾಗಿಲಲ್ಲೇ ಕೂತಿರಬೇಕು, ಅಪ್ಪನಿಗೆ ಕೊಡಲು ಮಾತ್ರೆ ಹಿಡಿದುಕೊಂಡು.

“ಎತ್ತು,” ಅಂದ ಸುಬ್ರಮಣಿ. “ಏನ್ ಹೇಳ್ತೀಯೋ ನಾನೂ ಕೇಳ್ತೀನಿ.”

ಗಂಗರತ್ನಮ್ಮ ಮೊಬೈಲು ಎತ್ತಿ ಕಿವಿಗಿಟ್ಟಳು.

“ಆಂಟಿ, ಹೆಸರು ಗೊತ್ತಾಯ್ತಾ?”

“ಗೊತ್ತಾಯ್ತಮ್ಮ,” ಅಂದಳು.

ಸುಬ್ರಮಣಿ ಎದ್ದು ಹೋಗಿ ಬಾಗಿಲ ಚಿಲಕ ಹಾಕಿದ.